ಒಡೆದ ಬಸಿಯ ಚರಿತ್ರೆ

‘ಅವರದು ಮೊಸಾಯಿಕ್ ಮನೆಯಂತೆ’ ಎಂಬ ಒಂದು ಮಾತು ಒಂದು ಕಾಲಕ್ಕೆ ನಮ್ಮ ದಾವಣಗೆರೆಯಲ್ಲಿ ಹುಡುಗನ ಮನೆತನದ ಆಸ್ತಿಪಾಸ್ತಿಯನ್ನೆಲ್ಲ ಹೇಳಿ ಮುಗಿಸುತ್ತಿತ್ತು. ಹೊಲವೆಷ್ಟು, ಮಂಡಿಯಲ್ಲಿ ಪಾಲೆಷ್ಟು ಎಂಬುದನ್ನು ಆಮೇಲೆ ವಿಚಾರಿಸಿದರೂ ನಡೆಯುತ್ತಿತ್ತು. ಹೆಣ್ಣಿನ ಕಡೆಯವರು ಪಡಸಾಲೆಗೆ ಕಾಲಿಟ್ಟು, ಅಂಗಾಲಿಗೆ ತಣ್ಣಗೆ ತಾಕಿದ ಆ ನುಣುಪನ್ನು ಅನುಭವಿಸಿ, ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಈಗ ಅದೇ ಮಾತನ್ನು ನಿವೇಶನ ಕೊಳ್ಳುವವರ ಬಾಯಲ್ಲಿ ಕೇಳುತ್ತಿದ್ದೇನೆ. ಅರ್ಥ ಮಾತ್ರ ತಿರುವುಮುರುವಾಗಿದೆ. ಮೊಸಾಯಿಕ್ ಮನೆ ಎಂದರೆ ಹಳೆಯ ಮನೆ. ಬರಿಯ ಜಾಗದ ಬೆಲೆಗೆ ಕೊಂಡು ಕೆಡವಬೇಕಾದ ಮನೆ.

ಹಳೆಯ ಮನೆ ಕೆಡವುವುದನ್ನು ನಿಂತು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಮೊದಲು ಹೋಗುವುದು ಬಾಗಿಲು. ಕೆತ್ತನೆಯ ಬಾಗಿಲವಾಡಕ್ಕೆ ಬೆಂಗಳೂರಿನಿಂದ ಗಿರಾಕಿಗಳು ಬರುತ್ತಾರೆ. ಆಮೇಲೆ ತೇಗದ ಕಂಬ, ತೊಲೆ, ಕಿಟಕಿಯ ಸರಳು, ಹಿತ್ತಾಳೆಯ ಚಿಲಕ. ಹೆಂಚಿಗೂ ಗಿರಾಕಿ ಉಂಟು. ಬಚ್ಚಲ ಹಂಡೆಯನ್ನು ತೂಕಕ್ಕೆ ಹಾಕುತ್ತಾರೆ. ಉಳಿಯುವುದು ನೆಲವೊಂದೇ. ಅದನ್ನು ಎತ್ತಲು ಬರುವುದಿಲ್ಲ, ಸುರುಳಿ ಸುತ್ತಲು ಬರುವುದಿಲ್ಲ, ಮಾರಲಂತೂ ಬರುವುದೇ ಇಲ್ಲ. ಇದ್ದಲ್ಲಿಯೇ ಹುಟ್ಟಿ ಇದ್ದಲ್ಲಿಯೇ ಸಾಯಬೇಕಾದ ಕಲೆ ಅದು. ಆದ್ದರಿಂದಲೇ ಅದರ ಚರಿತ್ರೆಯನ್ನು, ಕೆಡವುವವರು ಬರುವ ಮೊದಲೇ ಒಂದಿಷ್ಟು ಬರೆದಿಡಬೇಕೆಂದು ನನ್ನ ಬಯಕೆ. ಅದರಲ್ಲಿಯೂ ಮೇಸ್ತ್ರಿ ಮಾಡಿದ ನೆಲಕ್ಕಿಂತ, ಅದರ ಬಡ ತಂಗಿಯಾದ, ಮನೆಯವರೇ ಒಡೆದ ಕಪ್ಪು ಬಸಿಗಳನ್ನು ಕೂಡಿಸಿ ತುಳಸಿಕಟ್ಟೆಗೋ ಬಚ್ಚಲ ಗೋಡೆಗೋ ಮಾಡಿಕೊಂಡ ಮೊಸಾಯಿಕ್ಕಿನ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿ.

ಚೂರುಗಳನ್ನು ಕೂಡಿಸಿ ಚಿತ್ರ ಮಾಡುವ ವಿದ್ಯೆ ಬಹಳ ಹಳೆಯದು. ಈಗಿನ ಇರಾಕಿನಲ್ಲಿರುವ ಉರುಕ್ ಎಂಬ ಪುರಾತನ ಪಟ್ಟಣದಲ್ಲಿ ಐದು ಸಾವಿರ ವರ್ಷಗಳಿಗೂ ಹಿಂದೆ ಜನ ಸುಟ್ಟ ಮಣ್ಣಿನ ಸಣ್ಣ ಮೊಳೆಗಳನ್ನು ಮಾಡಿ, ಅವುಗಳ ತಲೆಗೆ ಕೆಂಪು, ಬಿಳಿ, ಕಪ್ಪು ಬಣ್ಣ ಹಚ್ಚಿ, ಹಸಿ ಗೋಡೆಯಲ್ಲಿ ಒತ್ತೊತ್ತಾಗಿ ಚುಚ್ಚಿದರು. ದೂರದಿಂದ ನೋಡಿದರೆ ಚಾಪೆ ಹೆಣೆದಂತೆ ಕಾಣುವ ಗೋಡೆ ಅದು. ಗ್ರೀಕರು ಹೊಳೆಯ ಉರುಟುಗಲ್ಲುಗಳಿಂದ ನೆಲದ ಮೇಲೆ ಬೇಟೆಯ ಚಿತ್ರಗಳನ್ನು ಬರೆದರು. ರೋಮನರು ಕಲ್ಲನ್ನು ದಾಳದ ಆಕಾರಕ್ಕೆ ಕತ್ತರಿಸತೊಡಗಿದರು. ಪಾಂಪೆಯಿ ಪಟ್ಟಣದ ಬೂದಿಯೊಳಗಿಂದ 1831ರಲ್ಲಿ ಹೊರತೆಗೆದ ಅಲೆಗ್ಸಾಂಡರನ ಯುದ್ಧದ ನೆಲಚಿತ್ರದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕು ಹರಳುಗಳಿವೆಯೆಂದು ಎಣಿಕೆ. ಇವೆಲ್ಲ ಪುಸ್ತಕದಲ್ಲಿ ಸಿಕ್ಕುವ ಸಂಗತಿಗಳು; ಹೆಚ್ಚು ಹೇಳಬೇಕಾಗಿಲ್ಲ.

ನಮ್ಮ ಕನ್ನಡ ನಾಡಿನಲ್ಲಿ ಈ ವಿದ್ಯೆಯ ಭವ್ಯರೂಪವನ್ನು ನೋಡಬೇಕಾದರೆ ಬೀದರಿಗೆ ಹೋಗಬೇಕು. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಮಹಮೂದ್ ಗವಾನನು ಪರ್ಷಿಯಾದ ಗಿಲಾನ್ ಪ್ರಾಂತದಿಂದ ಬಂದವನು. ಅವನು 1472ರಲ್ಲಿ ಕಟ್ಟಿಸಿದ ಮದರಸೆಯ ಮುಖಭಾಗದಲ್ಲಿ ನೀಲಿ, ಹಸಿರು, ಹಳದಿ, ಬಿಳಿಯ ಹೊಳಪಿನ ಬಿಲ್ಲೆಗಳು ಇಂದಿಗೂ ಅಷ್ಟಷ್ಟು ಉಳಿದಿವೆ. 1696ರಲ್ಲಿ ನಡೆದ ಸಿಡಿಮದ್ದಿನ ಸ್ಫೋಟ ಕಟ್ಟಡದ ಒಂದು ಭಾಗವನ್ನೇ ಹಾರಿಸಿತು. ಉಳಿದುದನ್ನು ಮಳೆ ಬಿಸಿಲು ಉದುರಿಸಿದವು. ಅಲ್ಲಿಯ ಕೋಟೆಯೊಳಗಿನ ರಂಗೀನ ಮಹಲು ಇನ್ನೂ ಸೂಕ್ಷ್ಮ. ಕಪ್ಪು ಕಲ್ಲಿನಲ್ಲಿ ಬಳ್ಳಿಯ ಹಾದಿ ಕೊರೆದು, ಆ ಹಾದಿಯಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿದ್ದಾರೆ. ಹದಿನಾರನೆಯ ಶತಮಾನದ ಅಲಿ ಬರೀದನ ಕಾಲದ ಕೆಲಸ. ಮಧ್ಯಾಹ್ನದ ಬೆಳಕು ಒಳಗೆ ಬಿದ್ದಾಗ ಆ ಚಿಪ್ಪು ಒಮ್ಮೆ ಬೆಳ್ಳಗೆ, ಒಮ್ಮೆ ನಸುಗೆಂಪಾಗಿ ಮಿನುಗುವುದನ್ನು ನೋಡಿ ನಾನು ಬಹಳ ಹೊತ್ತು ನಿಂತದ್ದುಂಟು.

ದಕ್ಷಿಣದಲ್ಲಿ ಮೈಸೂರಿನ ಅರಮನೆಯನ್ನು ಎಲ್ಲರೂ ಬಲ್ಲರು. ಮರದ ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಗಿ, ಹೆನ್ರಿ ಇರ್ವಿನ್ನರ ನಕ್ಷೆಯಂತೆ ಈಗಿನ ಅರಮನೆ 1912ರ ಹೊತ್ತಿಗೆ ಎದ್ದು ನಿಂತಿತು. ಅಲ್ಲಿಯ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿದರೆ ಗಾಜಿನ ನವಿಲು, ತಲೆ ತಗ್ಗಿಸಿದರೆ ಬಣ್ಣದ ಬಿಲ್ಲೆಗಳ ನೆಲ. ದಸರೆಗೆಂದು ಹೋದ ನಮ್ಮ ಕಡೆಯ ವರ್ತಕರು ಇದನ್ನೆಲ್ಲ ಕಣ್ತುಂಬ ನೋಡಿಕೊಂಡು ಬಂದಿರಬೇಕು. ನೋಡಿದ ಮೇಲೆ ಮನೆಯ ಸಗಣಿ ನೆಲ ರುಚಿಸದೆ ಹೋದರೆ ಅವರನ್ನೇನೂ ಅನ್ನುವಂತಿಲ್ಲ.

ಆದರೆ ಅರಮನೆಯ ನೆಲ ದಾವಣಗೆರೆಯ ಪಡಸಾಲೆಗೆ ಬರಬೇಕಾದರೆ ನೋಡಿದರೆ ಸಾಲದು. ದುಡ್ಡು ಬೇಕು, ಸಿಮೆಂಟು ಬೇಕು, ಕೈ ಬೇಕು. ದುಡ್ಡಿನ ಕಥೆ ಮೊದಲು. ದಾವಣಗೆರೆ ಅರಸರ ರಾಜಧಾನಿಯಾಗಿದ್ದ ಊರಲ್ಲ. ಹೈದರಾಲಿಯು ಇದನ್ನು ಅಪ್ಪಾಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ, ಅವನು ವ್ಯಾಪಾರಿಗಳನ್ನು ಕರೆದು ನೆಲೆಗೊಳಿಸಿದನು. 1801ರಲ್ಲಿ ಈ ದಾರಿಯಾಗಿ ಹರಿಹರ, ದಾವಣಗೆರೆಗಳನ್ನು ನೋಡಿದ ಬುಕಾನನ್ ಸಾಹೇಬನು ಇಲ್ಲಿಯ ಕಂಬಳಿ ನೇಯ್ಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಕಂಬಳಿಯ ಊರು ಕ್ರಮೇಣ ಹತ್ತಿಯ ಊರಾಯಿತು. ರೈಲು ಬಂದು ಮಂಡಿಗಳು ಬೆಳೆದವು. 1930ರ ದಶಕದಲ್ಲಿ ಹತ್ತಿಯ ಗಿರಣಿ ಎದ್ದಿತು. ಒಂದರ ಹಿಂದೆ ಒಂದು ಗಿರಣಿಯಾಗಿ, ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದೂ ಬಂದಿತು. ಅತ್ತ, 14 ಕಿಲೋಮೀಟರಿನಾಚೆ, ತುಂಗಭದ್ರೆಯ ದಂಡೆಯ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ, ಲೇಥು ಯಂತ್ರಗಳನ್ನು ಮಾಡತೊಡಗಿತು. ಕಾರ್ಖಾನೆಯ ಕೆಲಸಗಾರರಿಗಾಗಿ ಯಂತ್ರಾಪುರ ಎಂಬ ಬಡಾವಣೆಯೇ ಹುಟ್ಟಿತು.

ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಹರಿಹರೇಶ್ವರನ ಗುಡಿಯ ಮಂಟಪದಲ್ಲಿ ಚಕ್ರಕ್ಕೆ ಕೊಟ್ಟು ತಿರುಗಿಸಿ ನುಣುಪು ಮಾಡಿದ ಬಳಪದ ಕಲ್ಲಿನ ಕಂಬಗಳಿವೆ. ಹೊಯ್ಸಳರ ಕಾಲದ ಆ ಕಂಬಗಳೂ ಒಂದು ಬಗೆಯ ಲೇಥಿನ ಕೆಲಸವೇ. ಏಳು ಶತಮಾನಗಳ ಮೇಲೆ ಅದೇ ಊರಿನಲ್ಲಿ ಲೇಥು ಮಾಡುವ ಕಾರ್ಖಾನೆ ಬಂದದ್ದು ಕಾಕತಾಳೀಯವೆಂದು ಬಲ್ಲೆ. ಆದರೂ ಗುಡಿಯಿಂದ ಕಾರ್ಖಾನೆಯ ಕಡೆಗೆ ನಡೆದು ಹೋಗುವಾಗಲೆಲ್ಲ ಅದು ನನಗೆ ನೆನಪಾಗದೆ ಇಲ್ಲ. ಆ ಕಾರ್ಖಾನೆಯೂ ಈ ಶತಮಾನದ ಆರಂಭದಲ್ಲಿ ಮುಚ್ಚಿಹೋಯಿತು. ದಾವಣಗೆರೆಯ ದೊಡ್ಡ ಗಿರಣಿಗಳು ಅದಕ್ಕೂ ಮೊದಲೇ ಒಂದೊಂದಾಗಿ ಕಣ್ಣು ಮುಚ್ಚಿದ್ದವು. ನಾವು ನೋಡುತ್ತಿರುವ ಮೊಸಾಯಿಕ್ ನೆಲಗಳು ಇವೆರಡು ಮೊದಲು ಕೊನೆಗಳ ನಡುವಿನ ಅರ್ಧ ಶತಮಾನಕ್ಕೆ ಸೇರಿದವು.

ಇನ್ನು ಸಿಮೆಂಟು. ಅದಕ್ಕೆ ಮೊದಲು ಸ್ಥಿತಿವಂತರ ಮನೆಗೆ ಗಾರೆಯೇ ನೆಲ. ಗಾರೆಯ ಗಾಣಕ್ಕೆ ಎತ್ತು ಹೂಡಿ ಸುಣ್ಣ ಮರಳನ್ನು ಅರೆದು, ಬೆಲ್ಲದ ನೀರು, ಅಳಲೆಕಾಯಿಯ ನೀರು ಕೂಡಿಸಿ, ಹಲಗೆಯಿಂದ ಬಡಿದು ಬಡಿದು ಗಟ್ಟಿ ಮಾಡುತ್ತಿದ್ದರು. 1930ರ ದಶಕದ ಕೊನೆಗೆ ಪಕ್ಕದ ಭದ್ರಾವತಿಯಲ್ಲಿಯೇ ಸಿಮೆಂಟು ತಯಾರಾಗತೊಡಗಿದಾಗ ಗಾಣದ ಎತ್ತಿಗೆ ವಿಶ್ರಾಂತಿ ದೊರೆಯಿತು. ಕೆಂಪು ಪುಡಿ ಕೂಡಿಸಿದ ನೆಲ ಬಡವ ಬಲ್ಲಿದರೆನ್ನದೆ ಎಲ್ಲರ ಮನೆಗೂ ಬಂದಿತು. ಅದರ ಮೇಲಿನ ಮೆಟ್ಟಿಲು ಮೊಸಾಯಿಕ್. ಮುಂಬಯಿಯಲ್ಲಿ 1922ರಲ್ಲಿಯೇ ಸಿಧ್ವಾ ಮನೆತನದವರು ಭಾರತ್ ಟೈಲ್ಸ್ ಸ್ಥಾಪಿಸಿ, ಸ್ವದೇಶಿಯ ಹುರುಪಿನಲ್ಲಿ ವಿಲಾಯತಿ ಬಿಲ್ಲೆಗೆ ಎದುರಾಗಿ ಸಿಮೆಂಟಿನ ಬಣ್ಣದ ಬಿಲ್ಲೆ ಮಾಡಿ ಗೆದ್ದಿದ್ದರು. ಹೊಳೆಯ ಆಚೆ ದಂಡೆ ಅಂದು ಮುಂಬಯಿ ಪ್ರಾಂತ, ಈಚೆ ದಂಡೆ ಮೈಸೂರು ಸಂಸ್ಥಾನ. ಗಡಿಯ ಊರಿನವರಿಗೆ ಎರಡು ಕಡೆಯ ಫ್ಯಾಷನ್ನೂ ಬೇಗ ತಲುಪುತ್ತದೆ.

ನಾವು ಮೊಸಾಯಿಕ್ ಎನ್ನುವ ಪುಡಿಗಲ್ಲಿನ ನೆಲಕ್ಕೆ ಇಟಲಿಯಲ್ಲಿ ತೆರಾತ್ಸೋ ಎಂದು ಹೆಸರು. ಅದು ಹುಟ್ಟಿದ ಬಗೆಯ ಬಗ್ಗೆ ಒಂದು ಕಥೆ ಹೇಳುತ್ತಾರೆ. ವೆನಿಸ್ಸಿನ ಶ್ರೀಮಂತರ ಮಹಲುಗಳಿಗೆ ಅಮೃತಶಿಲೆ ಕೂರಿಸುತ್ತಿದ್ದ ಕೆಲಸಗಾರರು, ಕತ್ತರಿಸಿ ಬಿದ್ದ ಚೂರುಗಳನ್ನು ಸಂಜೆ ಮನೆಗೆ ಒಯ್ದು, ತಮ್ಮ ಮನೆಯ ಜಗಲಿಗೆ ಮಣ್ಣಿನಲ್ಲಿ ಒತ್ತಿ, ಕಲ್ಲಿನಿಂದ ಉಜ್ಜಿ, ಹೊಳಪಿಗೆ ಆಡಿನ ಹಾಲು ಬಳಿದರಂತೆ. ಆಡಿನ ಹಾಲಿನ ಮಾತು ಎಷ್ಟು ನಿಜವೋ ಕಾಣೆ. ನಮ್ಮಲ್ಲಿ ಕೆಂಪು ನೆಲಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದುದನ್ನು ಕಣ್ಣಾರೆ ಕಂಡವನಾದ್ದರಿಂದ ಅದನ್ನು ತಳ್ಳಿಹಾಕಲು ಮನಸ್ಸು ಬಾರದು. ಕಥೆ ನಿಜವಾದರೆ, ಇಂದು ಶ್ರೀಮಂತಿಕೆಯ ಗುರುತೆನಿಸಿದ ಈ ನೆಲ ಮೊದಲು ಕೂಲಿಯವನ ಮನೆಯಲ್ಲಿ, ಧಣಿ ಬಿಸಾಡಿದ ಚೂರಿನಿಂದ ಹುಟ್ಟಿದ್ದು.

ಮೇಸ್ತ್ರಿ ಮಾಡುವ ಮೊಸಾಯಿಕ್ಕಿನ ಕ್ರಮ ಹೀಗೆ. ಕೆಳಗೆ ಗಟ್ಟಿ ಕಾಂಕ್ರೀಟು. ಅದರ ಮೇಲೆ ಗಾಜಿನ ಅಥವಾ ಹಿತ್ತಾಳೆಯ ಪಟ್ಟಿಗಳನ್ನು ನಿಲ್ಲಿಸಿ ಚೌಕಗಳನ್ನು ಮಾಡಿಕೊಳ್ಳುತ್ತಾರೆ. ಇದು ಅಂದಕ್ಕಷ್ಟೇ ಅಲ್ಲ, ನೆಲ ಬಿರಿದರೆ ಬಿರುಕು ಚೌಕ ದಾಟದಿರಲೆಂದು. ಬಿಳಿ ಸಿಮೆಂಟಿಗೆ ಬಣ್ಣ, ಕಲ್ಲಿನ ಪುಡಿ, ಅಮೃತಶಿಲೆಯ ಚಿಪ್ಸು ಕಲಸಿ ಚೌಕದಲ್ಲಿ ತುಂಬಿ, ಉರುಳೆ ಹೊಡೆದು, ಮೇಲೆ ಇನ್ನಷ್ಟು ಚಿಪ್ಸು ಉದುರಿಸಿ ಮತ್ತೆ ಒತ್ತುತ್ತಾರೆ. ಆಗ ನೋಡಿದರೆ ಅದು ಬರಿಯ ಕೆಸರು. ಕೆಲವು ದಿನ ನೀರುಣಿಸಿದ ಮೇಲೆ ಅಸಲು ಕೆಲಸ ಆರಂಭ. ಗಟ್ಟಿಯಾದ ಆ ಮೇಲ್ಮೈಯನ್ನು ಸಾಣೆಕಲ್ಲಿನಿಂದ, ಒರಟು, ಮಧ್ಯಮ, ನಯ ಎಂದು ಮೂರು ಸಲ ತೇಯಬೇಕು. ಮೊದಲ ಸಲ ತೇದಾಗ ಕಾಣುವ ಸಣ್ಣ ತೂತುಗಳಿಗೆ ಅದೇ ಬಣ್ಣದ ಸಿಮೆಂಟಿನ ಗಂಜಿ ತುಂಬಿ ಮತ್ತೆ ತೇಯಬೇಕು. ಕೊನೆಗೆ ಆಕ್ಸಾಲಿಕ್ ಪುಡಿಯ ಹೊಳಪು.

ಯಂತ್ರ ಬರುವ ಮೊದಲು ಈ ತೇಯುವ ಕೆಲಸವನ್ನು ಮನುಷ್ಯರೇ ಮಾಡುತ್ತಿದ್ದರು. ನಾಲ್ಕಾರು ಜನ ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು, ಮುಂದೆ ನೀರು ಚಿಮುಕಿಸಿಕೊಳ್ಳುತ್ತ, ಎರಡು ಕೈಯಲ್ಲಿ ಕಲ್ಲು ಹಿಡಿದು ಬೆಳಗಿನಿಂದ ಸಂಜೆಯವರೆಗೆ ತೇಯುತ್ತಿದ್ದರು. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ಒಂದು ಮನೆಯಲ್ಲಿ ಈ ಕೆಲಸ ತಿಂಗಳುಗಟ್ಟಲೆ ನಡೆಯಿತು. ಆ ಸದ್ದು ಇನ್ನೂ ಕಿವಿಯಲ್ಲಿದೆ. ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಉಸಿರಾಡುವಂಥ ಸದ್ದು. ಮಧ್ಯಾಹ್ನ ಅವರು ಮಂಡಕ್ಕಿ ತಿನ್ನಲು ಕುಳಿತಾಗ ಕೈಗಳನ್ನು ನೋಡಿದ್ದೆ. ಬೆರಳ ತುದಿಯ ಗೆರೆಗಳೇ ಸವೆದುಹೋಗಿದ್ದವು.

ಈಗ ಬಡ ತಂಗಿಯ ಕಡೆಗೆ ಬರೋಣ. ಹರಿಹರದಲ್ಲಿದ್ದ ನನ್ನ ಸೋದರತ್ತೆಯ ಮನೆಯ ಹಿತ್ತಲಿನಲ್ಲಿ ಒಂದು ತುಳಸಿಕಟ್ಟೆ ಇತ್ತು. 1960ರ ದಶಕದಲ್ಲಿ ಆಕೆಯೇ ಮಾಡಿದ್ದು. ಮಾವನವರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅವರ ಸ್ನೇಹಿತರು ಮನೆಗೆ ಬಂದಾಗ ಕಾಫಿ ಕೊಡಲು ಪಿಂಗಾಣಿಯ ಕಪ್ಪು ಬಸಿ ಬಂದಿದ್ದವು. ಆದರೆ ಪಿಂಗಾಣಿಗೆ ಅಡಿಗೆಮನೆಯೊಳಗೆ ಪ್ರವೇಶವಿರಲಿಲ್ಲ. ಅವುಗಳ ವಾಸ ಹಿತ್ತಲ ಗೂಡಿನಲ್ಲಿ. ತೊಳೆಯುವುದೂ ಅಲ್ಲಿಯೇ, ಒಡೆಯುವುದೂ ಅಲ್ಲಿಯೇ. ಒಡೆದದ್ದನ್ನು ಅತ್ತೆ ತಿಪ್ಪೆಗೆ ಹಾಕುತ್ತಿರಲಿಲ್ಲ, ಡಾಲ್ಡಾ ಡಬ್ಬಿಯಲ್ಲಿ ಹಾಕುತ್ತಿದ್ದರು. ಉಪ್ಪಿನಕಾಯಿಯ ಜಾಡಿ ಒಡೆದರೆ ಅದೂ ಡಬ್ಬಿಗೆ. ಬಳೆಯ ಚೂರುಗಳಿಗೆ ಬೇರೆ ಡಬ್ಬಿ. ಬಳೆ ‘ಒಡೆಯಿತು’ ಎನ್ನದೆ ‘ಹೆಚ್ಚಾಯಿತು’ ಎನ್ನುವ ರೂಢಿ ನಮ್ಮ ಮನೆಯ ಹಿರಿಯ ಹೆಂಗಸರದು. ಹೆಚ್ಚಾದ ಬಳೆಗಳು ನಿಜವಾಗಿ ಹೆಚ್ಚುತ್ತಲೇ ಹೋಗಿ ಡಬ್ಬಿ ತುಂಬಿದಾಗ ಆಕೆ ಕೆಲಸಕ್ಕೆ ಕೈ ಹಾಕಿದರು.

ಮಾಡಿದ ಕ್ರಮವನ್ನು ನೋಡಿದಂತೆಯೇ ಹೇಳುತ್ತೇನೆ; ಮಾಡಬೇಕೆನ್ನುವವರಿಗೆ ಇಂದಿಗೂ ಒದಗೀತು. ಮೊದಲು ಚೂರುಗಳನ್ನು ಬಣ್ಣಬಣ್ಣವಾಗಿ ಮೊರದಲ್ಲಿ ವಿಂಗಡಿಸಿದರು. ದೊಡ್ಡ ಚೂರನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಮೆಲ್ಲನೆ ಒಡೆದರು. ಬಟ್ಟೆಯಿಲ್ಲದೆ ಹೊಡೆದರೆ ಸಿಡಿದು ಕಣ್ಣಿಗೆ ಅಪಾಯ. ಅಂಚು ತಿದ್ದಲು ಇಕ್ಕಳ. ಬಸಿಯ ಚೂರು ಚಪ್ಪಟೆಯಾಗಿ ಕೂರುತ್ತದೆ, ಕಪ್ಪಿನ ಚೂರು ಬೆನ್ನು ಬಾಗಿಸುತ್ತದೆ. ಆದ್ದರಿಂದ ಕಪ್ಪನ್ನು ಕಡಲೆಗಾತ್ರಕ್ಕೆ ಒಡೆಯಬೇಕು. ಕನ್ನಡಿಯ ಚೂರನ್ನು ಮಾತ್ರ ಬೇಡವೆಂದರು. ಒಡೆದ ಕನ್ನಡಿ ಅಪಶಕುನವೆಂಬುದು ಆಕೆ ಕೊಟ್ಟ ಕಾರಣ. ಮೇಸ್ತ್ರಿಗಳು ಹೇಳುವ ಕಾರಣ ಬೇರೆ: ಸಿಮೆಂಟಿನ ಖಾರಕ್ಕೆ ಕನ್ನಡಿಯ ಬೆನ್ನಿನ ಬೆಳ್ಳಿ ತಿಂದುಹೋಗಿ ಕೆಲವೇ ವರ್ಷಗಳಲ್ಲಿ ಕಪ್ಪಾಗುತ್ತದೆ. ಶಕುನವೂ ಶಾಸ್ತ್ರವೂ ಒಂದೇ ತೀರ್ಮಾನಕ್ಕೆ ಬಂದ ಅಪರೂಪದ ಪ್ರಸಂಗ.

ಆಮೇಲೆ ಅಂಗಡಿಯ ಕಂದು ಕಾಗದದ ಮೇಲೆ ಕಮಲದ ನಕ್ಷೆ ಬರೆದು, ಮೈದಾ ಹಿಟ್ಟಿನ ಅಂಟಿನಿಂದ ಚೂರುಗಳನ್ನು ಬೋರಲಾಗಿ, ಅಂದರೆ ಹೊಳಪಿನ ಮುಖ ಕಾಗದದ ಕಡೆಗೆ ಬರುವಂತೆ, ಒಂದೊಂದಾಗಿ ಅಂಟಿಸಿದರು. ಇದಕ್ಕೇ ವಾರಗಳು ಹಿಡಿದವು. ಮಧ್ಯಾಹ್ನ ಎಲ್ಲರ ಊಟವಾದ ಮೇಲಿನ ಹೊತ್ತು ಆಕೆಯದು. ಕಟ್ಟೆಯ ಮೇಲೆ ಒಂದು ಪಾಲು ಸಿಮೆಂಟು, ಮೂರು ಪಾಲು ಮರಳಿನ ಹಸಿ ಗಾರೆ ಬಳಿದು, ಕಾಗದವನ್ನು ಚೂರುಸಮೇತ ಅದರ ಮೇಲೆ ಒತ್ತಿ, ಹಲಗೆಯಿಂದ ಮೆಲ್ಲಗೆ ತಟ್ಟಿದರು. ಮರುದಿನ ಕಾಗದಕ್ಕೆ ನೀರು ಹನಿಸಿ ನೆನೆಸಿ ಸುಲಿದಾಗ ಕಮಲ ಬಿಚ್ಚಿಕೊಂಡಿತು. ಸಂದುಗಳಿಗೆ ಸಿಮೆಂಟಿನ ಗಂಜಿ ತಿಕ್ಕಿ, ಗೋಣಿಯಿಂದ ಒರೆಸಿ, ಒಂದು ವಾರ ಒದ್ದೆ ಗೋಣಿ ಹೊದಿಸಿದರು. ದಳಗಳ ಅಂಚಿಗೆ ಹಸಿರು ಬಳೆ, ನಡುವೆ ಕೆಂಪು ಬಳೆ. ಕಾಗದದ ಮೇಲೆ ಬೋರಲು ಅಂಟಿಸುವ ಈ ಉಪಾಯವನ್ನು ಯೂರೋಪಿನ ಕಸಬುದಾರರು ಹತ್ತೊಂಬತ್ತನೆಯ ಶತಮಾನದಲ್ಲಿ ರೂಢಿಗೆ ತಂದರೆಂದು ಬಹಳ ವರ್ಷಗಳ ಮೇಲೆ ಓದಿದೆ. ಅತ್ತೆಗೆ ಅದನ್ನು ಹೇಳಿಕೊಟ್ಟವನು ಊರಿನ ಒಬ್ಬ ಗಾರೆ ಮೇಸ್ತ್ರಿ. ಅವನಿಗೆ ಯಾರು ಹೇಳಿದರೋ!

ಆಕ್ಷೇಪಣೆ ಬಾರದೆ ಇರಲಿಲ್ಲ. ಪಕ್ಕದ ಮನೆಯ ಹಿರಿಯರೊಬ್ಬರು ಬೇಲಿಯಾಚೆಯಿಂದ ಇಣುಕಿ, “ಏನಮ್ಮಾ, ಕಂಡವರೆಲ್ಲ ಕುಡಿದ ಎಂಜಲು ಬಸಿ ತುಳಸಮ್ಮನ ಕಟ್ಟೆಗೆ ಹಾಕೋದಾ?” ಎಂದರು. ಒಡೆದ ಪದಾರ್ಥವನ್ನು ಮನೆಯಲ್ಲಿ ಇಡಬಾರದು, ದೇವರಿಗಂತೂ ಕೂಡದು ಎಂಬ ನಂಬಿಕೆ ಬಲವಾಗಿದ್ದ ಕಾಲ. ಅತ್ತೆ ತಲೆ ಎತ್ತದೆ, “ಸುಣ್ಣದ ನೀರಿನಾಗೆ ಎಂಟು ದಿನ ನೆನೆಸೀನಿ ದೊಡ್ಡಮ್ಮಾರೆ. ಅಷ್ಟು ದಿನ ನೆನೆದ್ರೆ ನಾನೂ ನೀವೂ ಮಡಿ ಆಗ್ತಿದ್ವಿ” ಎಂದರು. ದೊಡ್ಡಮ್ಮನವರು ಮೂರು ತಿಂಗಳು ಮಾತು ಬಿಟ್ಟರು. ಆಮೇಲೆ ತಮ್ಮ ಮನೆಯ ಒಡೆದ ಜಾಡಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಂದುಕೊಟ್ಟರು.

ಇಂಥ ಕೆಲಸ ನಮ್ಮ ಹೆಂಗಸರ ಕೈಗೆ ಅಷ್ಟು ಬೇಗ ಹತ್ತಿದ್ದೇಕೆ ಎಂದು ಯೋಚಿಸಿದ್ದೇನೆ. ಚೂರು ಕೂಡಿಸುವುದು ಅವರಿಗೆ ಹೊಸ ವಿದ್ಯೆಯಲ್ಲ. ಹಳೆಯ ಸೀರೆಗಳ ತುಂಡುಗಳನ್ನು ಪದರ ಪದರವಾಗಿ ಇಟ್ಟು ಹೊಲಿಯುವ ಕೌದಿ, ಬಟ್ಟೆಯಲ್ಲಿ ಮಾಡಿದ ಮೊಸಾಯಿಕ್ಕಲ್ಲದೆ ಮತ್ತೇನು? ಯಾವ ತುಂಡಿನ ಪಕ್ಕ ಯಾವ ಬಣ್ಣ ಕೂರಬೇಕು, ಮೂಲೆಯನ್ನು ಹೇಗೆ ತಿರುಗಿಸಬೇಕು ಎಂಬ ಲೆಕ್ಕ ಅಲ್ಲಿಯೇ ತಯಾರಾಗಿತ್ತು. ಚುಕ್ಕಿಯ ರಂಗೋಲಿ ಉಳಿದ ಪಾಠವನ್ನು ಕಲಿಸಿತ್ತು. ಮೊಸಾಯಿಕ್ ನೆಲದ ಅಂಚಿನಲ್ಲಿ ಮೇಸ್ತ್ರಿ ಹಾಕಿದ ಬಳ್ಳಿಗಳನ್ನು ಗಮನಿಸಿದರೆ ಅನೇಕವು ರಂಗೋಲಿಯ ಬಳ್ಳಿಗಳೇ. ಮನೆಯೊಡತಿ ಬೆರಳಿನಿಂದ ಬರೆದು ತೋರಿಸಿದ್ದನ್ನೇ ಅವನು ಕಲ್ಲಿನಲ್ಲಿ ಕೂರಿಸಿದ್ದಾನೆಂದು ನನ್ನ ಊಹೆ. ಕೆಲವು ಮನೆಗಳಲ್ಲಿ ಹೊಸ್ತಿಲ ಮುಂದೆಯೇ ಅಳಿಸದ ರಂಗೋಲಿ ಕೂರಿಸಿದ್ದಾರೆ. ಅದರ ಮೇಲೆ ದಿನಾ ಬೆಳಿಗ್ಗೆ ಮತ್ತೆ ಹಿಟ್ಟಿನ ರಂಗೋಲಿ ಹಾಕುವುದನ್ನೂ ನೋಡಿದ್ದೇನೆ. ಹಾಕದೆ ಇದ್ದ ಮೇಲೆ ಅದು ರಂಗೋಲಿಯಲ್ಲ ಎಂಬ ವಾದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಒಡೆದದ್ದನ್ನು ಕೂಡಿಸುವ ಈ ಹುಚ್ಚು ನಮ್ಮ ಕಡೆಗಷ್ಟೇ ಸೇರಿದ್ದಲ್ಲ. ಫ್ರಾನ್ಸಿನ ಶಾರ್ತ್ರ್ ಪಟ್ಟಣದಲ್ಲಿ ಸ್ಮಶಾನ ಗುಡಿಸುವ ಕೆಲಸದಲ್ಲಿದ್ದ ರೇಮಂ ಇಸಿದೋರ್ ಎಂಬಾತ 1938ರಿಂದ 1964ರಲ್ಲಿ ತೀರಿಕೊಳ್ಳುವವರೆಗೆ ತನ್ನ ಮನೆಯ ಗೋಡೆ, ನೆಲ, ಅಂಗಳ, ಮೇಜು ಕುರ್ಚಿಗಳಿಗೆಲ್ಲ ಒಡೆದ ತಟ್ಟೆಯ ಚೂರು ಕೂರಿಸುತ್ತಲೇ ಇದ್ದ. ಊರವರು ನಕ್ಕರು, ಇಂದು ಆ ಮನೆ ಸಂರಕ್ಷಿತ ಸ್ಮಾರಕ. ಚಂಡೀಗಢದಲ್ಲಿ ರಸ್ತೆ ಇಲಾಖೆಯ ನೌಕರ ನೇಕಚಂದರು ಊರಾಚೆಯ ಕಾಡಿನಲ್ಲಿ ವರ್ಷಗಟ್ಟಲೆ ಗುಟ್ಟಾಗಿ ಒಡೆದ ಬಳೆ, ಪಿಂಗಾಣಿಗಳಿಂದ ಗೊಂಬೆಗಳ ಊರನ್ನೇ ಕಟ್ಟಿದರು. ಸರ್ಕಾರ ಅದನ್ನು ಕೆಡವದೆ 1976ರಲ್ಲಿ ಜನರಿಗೆ ತೆರೆಯಿತು. ಗುಜರಾತಿನ ಮನೆಗಳ ಮಾಳಿಗೆಗೆ ಬಿಳಿ ಪಿಂಗಾಣಿ ಚೂರು ಹಾಸುವ ಪದ್ಧತಿಯುಂಟು. ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಮಳೆಯ ನೀರನ್ನು ಒಳಗೆ ಬಿಡುವುದಿಲ್ಲ. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿಯವರು ಅಹಮದಾಬಾದಿನ ತಮ್ಮ ‘ಸಂಗಾತ್’ ಕಾರ್ಯಾಲಯದ ಕಮಾನು ಛಾವಣಿಗೆ ಅದನ್ನೇ ಹಾಸಿಸಿ, ಲೋಕದ ಕಣ್ಣು ಅತ್ತ ತಿರುಗುವಂತೆ ಮಾಡಿದರು.

ಇವರಿಗೆಲ್ಲ ಹೆಸರು ಉಳಿಯಿತು. ನಮ್ಮ ನೆಲಗಳಿಗೆ ಹೆಸರಿಲ್ಲ, ನನ್ನನ್ನು ಚುಚ್ಚುವುದು ಇದೇ. ಹರಿಹರೇಶ್ವರನ ಗುಡಿಯನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1223–24ರಲ್ಲಿ ಕಟ್ಟಿಸಿದನೆಂದು ಶಾಸನ ಸಾರುತ್ತದೆ. ಎಂಟು ನೂರು ವರ್ಷಗಳ ಮೇಲೂ ನಾವು ಅವನ ಹೆಸರು ಹೇಳುತ್ತೇವೆ. ಕಟ್ಟಿಸಿದವರದಷ್ಟೇ ಏಕೆ, ಹೊಯ್ಸಳರ ಕಾಲದ ಶಿಲ್ಪಿಗಳೇ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೊರೆದದ್ದುಂಟು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಹೀಗೆ. ಅರವತ್ತು ವರ್ಷಗಳ ಹಿಂದೆ ನಮ್ಮ ಪಿ.ಜೆ. ಬಡಾವಣೆಯಲ್ಲೋ ಚೌಕಿಪೇಟೆಯಲ್ಲೋ ನೆಲ ಮಾಡಿದವನ ಹೆಸರು ಕೇಳಿ, ಮನೆಯವರಿಗೂ ಗೊತ್ತಿರುವುದಿಲ್ಲ. ‘ಯಾರೋ ಮೇಸ್ತ್ರಿ’ ಎನ್ನುತ್ತಾರೆ. ಹೆಂಗಸರು ಮಾಡಿದ ಕಟ್ಟೆಗಳಿಗಂತೂ ಆ ‘ಯಾರೋ’ ಸಹ ಇಲ್ಲ. ಅತ್ತೆಯ ಕಟ್ಟೆ ಈಗ ಇಲ್ಲ. ಆ ಜಾಗದಲ್ಲಿ ಕಾರು ನಿಲ್ಲುತ್ತದೆ.

ಹೆಸರು ಸಿಗದಿದ್ದರೂ ಕಾಲವನ್ನು ಗುರುತಿಸುವುದು ಅಸಾಧ್ಯವೇನಲ್ಲ. ನೆಲವೂ ಒಂದು ಶಾಸನ. ಓದುವ ಅಭ್ಯಾಸ ಬೇಕು. ಬೂದು ಸಿಮೆಂಟಿನ ಮೇಲೆ ವಿರಳವಾದ ಚಿಪ್ಸು ಇದ್ದರೆ ಕೈ ಹಿಡಿದು ಖರ್ಚು ಮಾಡಿದ ಮನೆ. ಬಿಳಿ ಸಿಮೆಂಟಿನಲ್ಲಿ ಹಳದಿ, ಹಸಿರು ಬಣ್ಣ ಕೂಡಿಸಿ ದಟ್ಟವಾಗಿ ಚಿಪ್ಸು ತುಂಬಿದ್ದರೆ ಹತ್ತಿಗೆ ಒಳ್ಳೆಯ ಧಾರಣೆ ಬಂದ ವರ್ಷದ ಮನೆ ಇದ್ದೀತು. ಸಾಣೆಕಲ್ಲಿನ ಗೆರೆ ಒಂದು ಕಡೆ ಬಾಗಿ ಇನ್ನೊಂದು ಕಡೆ ನೆಟ್ಟಗಿದ್ದರೆ ಅದು ಕೈಯಲ್ಲಿ ತೇದದ್ದು. ಸುತ್ತು ಸುತ್ತಾಗಿದ್ದರೆ ಯಂತ್ರದ್ದು. ಬಾಗಿಲ ಬಳಿ ಕಪ್ಪು ಚಿಪ್ಸಿನಲ್ಲಿ ಇಸವಿ ಬರೆಸಿಕೊಂಡವರೂ ಉಂಟು. ಅಂಥ ಮನೆಯ ಯಜಮಾನರಿಗೆ ಚರಿತ್ರೆಕಾರರೆಲ್ಲ ಋಣಿಗಳು. ಸವೆತವನ್ನೂ ಓದಬಹುದು. ಗೋಡೆಯ ಪಕ್ಕದಲ್ಲಿ ಮಂಕಾದ ಚೌಕವಿದ್ದರೆ ಅಲ್ಲಿ ಲೆಕ್ಕ ಬರೆಯುವವರ ಗದ್ದಿಗೆ ಇತ್ತು. ತೂಗುಮಣೆಯ ಕೆಳಗೆ ಕಾಲು ಊರಿ ಊರಿ ಸವೆದ ಎರಡು ಗುರುತು ಎಷ್ಟೋ ಮನೆಗಳಲ್ಲಿ ಇವೆ.

ಇವುಗಳ ಪ್ರತಿ ತೆಗೆದಿಡುವ ಕೆಲಸವನ್ನು ನಾನೂ ನನ್ನ ಮನೆಯವರೂ ಮೂರು ವರ್ಷಗಳಿಂದ ಮಾಡುತ್ತಿದ್ದೇವೆ. ಶಾಸನಕ್ಕೆ ಕಾಗದ ಒತ್ತಿ ಪಡಿಯಚ್ಚು ತೆಗೆಯುವ ಕ್ರಮ ಇಲ್ಲಿ ನಡೆಯದು. ನುಣುಪಾದ ನೆಲದಲ್ಲಿ ಉಬ್ಬು ತಗ್ಗು ಎಲ್ಲಿಯದು? ಫೋಟೋ ತೆಗೆದರೆ ಹೊಳಪಿನಲ್ಲಿ ಕಿಟಕಿಯೇ ಕಾಣುತ್ತದೆ. ಆದ್ದರಿಂದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲದ ಮೇಲೆ ಹಾಸಿ, ಬೊಂಬಿನ ಪೆನ್ನಿನಷ್ಟು ದಪ್ಪದ ಮಸಿಯ ಪೆನ್ನಿನಿಂದ ಗೆರೆ ಎಳೆದು, ಬಣ್ಣಕ್ಕೊಂದು ಅಂಕಿ ಗುರುತು ಮಾಡುತ್ತೇವೆ. ಒಂದು ಪಡಸಾಲೆಯ ಅಂಚಿಗೆ ಎರಡು ದಿನ ಬೇಕು. ಮಂಡಿಯ ನೋವು ಬೇರೆ. ನೆಲ ತೇದವರ ಮಂಡಿಯ ಸ್ಥಿತಿ ಏನಾಗಿತ್ತೋ ಎಂಬ ಅರಿವು ಆಗ ಬರುತ್ತದೆ. ಇದುವರೆಗೆ ಹದಿನೇಳು ಮನೆಗಳಾಗಿವೆ. ಅವುಗಳಲ್ಲಿ ಐದು ಈಗ ಹಾಳೆಯ ಮೇಲೆ ಮಾತ್ರ ಉಳಿದಿವೆ.

ಹದಿನೆಂಟನೆಯದು ಮಂಡಿಪೇಟೆಯ ಒಂದು ಮನೆ. ನಡುಮನೆಯ ನೆಲದ ನಟ್ಟನಡುವೆ ಎರಡು ನವಿಲು, ಬಾಲದ ಕಣ್ಣುಗಳಿಗೆ ಹಸಿರು ಬಳೆಯ ಚೂರು. ಮೇಸ್ತ್ರಿಯ ಕೆಲಸದ ನಡುವೆ ಮನೆಯವರ ಕೈಯಾಡಿದ್ದನ್ನು ನಾನು ಕಂಡದ್ದು ಅದೊಂದರಲ್ಲಿಯೇ. ಬಾಗಿಲು, ಕಂಬ ಹೋದ ವಾರವೇ ಹೋದವು. ಸೋಮವಾರ ಯಂತ್ರ ಬರುತ್ತದೆಂದು ಯಜಮಾನರು ಹೇಳಿ ಕಳಿಸಿದ್ದಾರೆ. ಶನಿವಾರ ಭಾನುವಾರ ಎರಡು ದಿನವಿದೆ, ಹಾಳೆ ಸಾಕಾಗುತ್ತದೆ.